ಚಳಿಗಾಲದ ಚಿಂಕ್ವೆ ತೆರ್ರೆ: ರೈಲಿನಲ್ಲಿ ಒಂದು ದಿನ, ಅವಸರವಿಲ್ಲದೆ

ಐದು ಪುಟ್ಟ ಊರುಗಳು. ಪಶ್ಚಿಮದಿಂದ ಪೂರ್ವಕ್ಕೆ ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನೀಲಿಯಾ, ಮನರೋಲಾ, ರಿಯೊಮಜ್ಜೊರೆ. ಇಟಲಿಯ ಲಿಗೂರಿಯಾ ಕರಾವಳಿಯಲ್ಲಿ, ಬೆಟ್ಟ ನೇರವಾಗಿ ಸಮುದ್ರಕ್ಕೆ ಇಳಿಯುವ ಕಡೆ ಇವು ಕೂತಿವೆ. ಐದನ್ನೂ ಸೇರಿಸಿ ಚಿಂಕ್ವೆ ತೆರ್ರೆ ಅನ್ನುತ್ತಾರೆ. ‘ಐದು ನೆಲ’ ಎಂದು ಅರ್ಥ. 1997ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು, 1999ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಈಗ ಬೇಸಿಗೆಯಲ್ಲಿ ಹೋದರೆ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುವುದಕ್ಕೂ ಜಾಗ ಸಿಗುವುದು ಕಷ್ಟ.

ನಾನು ಎರಡು ಸಲ ಹೋಗಿದ್ದೇನೆ. ಮೊದಲು ಜುಲೈನಲ್ಲಿ, ಆಮೇಲೆ ಫೆಬ್ರವರಿಯಲ್ಲಿ ಅಮ್ಮನ ಜೊತೆ. ಜುಲೈನಲ್ಲಿ ಜನರ ಬೆನ್ನು ನೋಡಿಕೊಂಡು ಬಂದೆ. ಫೆಬ್ರವರಿಯಲ್ಲಿ ಊರು ನೋಡಿದೆ. ಅದಕ್ಕೇ ಈ ಮಾರ್ಗದರ್ಶಿ ಪೂರ್ತಿ ಚಳಿಗಾಲದ್ದು: ನವೆಂಬರ್‌ನಿಂದ ಮಾರ್ಚ್ ಮಧ್ಯದವರೆಗೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಆಫ್ ಸೀಸನ್ನಿನಲ್ಲಿ ಜನ ಕಡಿಮೆ, ನಿಜ. ಆದರೆ ರೈಲೂ ಕಡಿಮೆ, ಬೆಳಕೂ ಕಡಿಮೆ, ತೆರೆದಿರುವ ಹೋಟೆಲ್ಲೂ ಕಡಿಮೆ. ಈ ಮೂರನ್ನು ಮೊದಲು ಹೊಂದಿಸಿಕೊಂಡರೆ ದಿನ ತಾನಾಗಿ ಕೂಡಿಬರುತ್ತದೆ. ಐದೂ ಊರು ಮುಗಿಸಲೇಬೇಕು ಎಂಬ ಹಟ ಬಿಡಿ. ಮೂರು ಊರು ಚೆನ್ನಾಗಿ ನೋಡಿದರೆ ಸಾಕು, ನಾಲ್ಕಾದರೆ ಜಾಸ್ತಿಯೇ.

ಹೆಜ್ಜೆ 1: ತಿಂಗಳು ಆರಿಸಿ

ಫೆಬ್ರವರಿ ಕೊನೆ ಮತ್ತು ಮಾರ್ಚ್ ಮೊದಲೆರಡು ವಾರ ನನಗೆ ಎಲ್ಲಕ್ಕಿಂತ ಇಷ್ಟ. ಹಗಲು ಸ್ವಲ್ಪ ಉದ್ದವಾಗಿರುತ್ತದೆ, ಮುಚ್ಚಿದ ಅಂಗಡಿಗಳು ಒಂದೊಂದಾಗಿ ಬಾಗಿಲು ತೆರೆಯುತ್ತಿರುತ್ತವೆ.

ಡಿಸೆಂಬರ್‌ಗೆ ಬೇರೆಯದೇ ಆಕರ್ಷಣೆ ಇದೆ. ಮನರೋಲಾ ಊರಿನ ಹಿಂದಿನ ಗುಡ್ಡದ ಮೇಲೆ, ಯೇಸು ಹುಟ್ಟಿದ ದೃಶ್ಯವನ್ನು ದೀಪಗಳಲ್ಲೇ ಬಿಡಿಸಿರುತ್ತಾರೆ. ರೈಲ್ವೆಯಿಂದ ನಿವೃತ್ತರಾದ ಸ್ಥಳೀಯರೊಬ್ಬರು ಹಳೆಯ ಗುಜರಿ ಸಾಮಾನಿನಿಂದ ಒಂದೊಂದೇ ಗೊಂಬೆ ಮಾಡಿ, ವರ್ಷಗಟ್ಟಲೆ ಅದನ್ನು ಬೆಳೆಸಿದರು. ಪ್ರತಿ ವರ್ಷ ಡಿಸೆಂಬರ್ 8ರ ಸಂಜೆ ಅದರ ದೀಪ ಹತ್ತಿಸುವುದು ರೂಢಿ. ಅದನ್ನು ನೋಡಬೇಕು ಅಂದರೆ ಡಿಸೆಂಬರ್‌ನಲ್ಲೇ ಹೋಗಿ.

ಅಕ್ಟೋಬರ್ ಕೊನೆ ಮತ್ತು ನವೆಂಬರ್ ಬಗ್ಗೆ ಸ್ವಲ್ಪ ಹುಷಾರು. ಈ ಕರಾವಳಿಗೆ ದೊಡ್ಡ ಮಳೆ ಬರುವ ಕಾಲ ಅದು. 2011ರ ಅಕ್ಟೋಬರ್ 25ರಂದು ಕೆಲವೇ ಗಂಟೆಗಳ ಮಳೆಗೆ ಬೆಟ್ಟ ಜಾರಿ ವೆರ್ನಾತ್ಸಾ, ಮೊಂತೆರೊಸ್ಸೊ ಎರಡೂ ಊರುಗಳ ಒಳಗೆ ಕೆಸರು ನುಗ್ಗಿತು. ವೆರ್ನಾತ್ಸಾದ ಮುಖ್ಯ ಬೀದಿಯಲ್ಲಿ ಅಂಗಡಿಗಳೇ ಮಣ್ಣಿನಡಿ ಹೋದವು, ಜೀವಗಳೂ ಹೋದವು. ಹವಾಮಾನ ಇಲಾಖೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಕೊಟ್ಟ ದಿನ ಕಾಲುದಾರಿ ಮುಚ್ಚುತ್ತಾರೆ. ಅಂಥ ದಿನ ನೀವೂ ಯೋಜನೆ ಮುಂದೂಡಿ.

ಹೆಜ್ಜೆ 2: ಎಲ್ಲಿ ಉಳಿದುಕೊಳ್ಳಬೇಕು

ರೈಲಿನ ಲೆಕ್ಕದಲ್ಲಿ ಈ ಐದು ಊರುಗಳಿಗೆ ಎರಡು ಹೆಬ್ಬಾಗಿಲು. ಪೂರ್ವಕ್ಕೆ ಲಾ ಸ್ಪೆತ್ಸಿಯಾ, ಪಶ್ಚಿಮಕ್ಕೆ ಲೆವಾಂತೊ. ನನ್ನ ಆಯ್ಕೆ ಲಾ ಸ್ಪೆತ್ಸಿಯಾ. ಅದು ನೌಕಾನೆಲೆ ಇರುವ ದೊಡ್ಡ ಊರು, ಪ್ರವಾಸಿಗರನ್ನೇ ನಂಬಿಕೊಂಡಿಲ್ಲ. ಹಾಗಾಗಿ ಜನವರಿಯಲ್ಲೂ ಹೋಟೆಲ್, ಬೇಕರಿ, ಔಷಧಿ ಅಂಗಡಿ ಎಲ್ಲ ತೆರೆದೇ ಇರುತ್ತವೆ. ಐದು ಊರುಗಳ ಒಳಗೆ ರೂಮು ಮಾಡಿದರೆ ರಾತ್ರಿ ಊಟಕ್ಕೆ ಒಂದೇ ಒಂದು ಬಾಗಿಲೂ ತೆರೆದಿರದೆ ಇರಬಹುದು.

ಪೀಸಾ ಕಡೆಯಿಂದ ಲಾ ಸ್ಪೆತ್ಸಿಯಾಕ್ಕೆ ರೈಲಿನಲ್ಲಿ ಒಂದು ಗಂಟೆ, ಒಂದೂಕಾಲು ಗಂಟೆ. ಜೆನೋವಾದಿಂದಲೂ ಸುಮಾರು ಅಷ್ಟೇ. ಮಿಲಾನ್‌ನಿಂದ ಮೂರು ಗಂಟೆಯ ಆಸುಪಾಸು. ಫ್ಲಾರೆನ್ಸ್‌ನಿಂದ ಬೆಳಿಗ್ಗೆ ಬಂದು ಸಂಜೆ ವಾಪಸ್ ಹೋಗುವವರೂ ಇದ್ದಾರೆ. ಚಳಿಗಾಲದಲ್ಲಿ ಅದು ಬೇಡ. ಹಗಲಿನ ಅರ್ಧ ರೈಲಿನಲ್ಲೇ ಕಳೆದುಹೋಗುತ್ತದೆ.

ಹೆಜ್ಜೆ 3: ಹಿಂದಿನ ರಾತ್ರಿ ಹತ್ತು ನಿಮಿಷ ಕೂತು ಬರೆದಿಟ್ಟುಕೊಳ್ಳಿ

ಇಡೀ ದಿನ ನಿಂತಿರುವುದು ಈ ಹತ್ತು ನಿಮಿಷದ ಮೇಲೆ. ಒಂದು ಕಾಗದ ತಗೊಳ್ಳಿ.

ಮೊದಲು ಸೂರ್ಯಾಸ್ತದ ಹೊತ್ತು ಬರೆಯಿರಿ. ಡಿಸೆಂಬರ್ ನಡುವಿನಲ್ಲಿ ಇಲ್ಲಿ ಸಂಜೆ ನಾಲ್ಕೂಮುಕ್ಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಜನವರಿ ಕೊನೆಗೆ ಐದೂವರೆಯ ಹತ್ತಿರ, ಫೆಬ್ರವರಿ ಕೊನೆಗೆ ಆರು ಗಂಟೆ. ನಮ್ಮೂರಲ್ಲಿ ವರ್ಷವಿಡೀ ಹಗಲು ಹೆಚ್ಚೂಕಡಿಮೆ ಒಂದೇ ಥರ ಇರುತ್ತದೆ ನೋಡಿ, ಹಾಗಾಗಿ ಈ ಲೆಕ್ಕ ನಮಗೆ ತಲೆಗೇ ಹೊಳೆಯುವುದಿಲ್ಲ.

ಆಮೇಲೆ ರೈಲು. ಬೇಸಿಗೆಯಲ್ಲಿ ಓಡುವ ‘ಚಿಂಕ್ವೆ ತೆರ್ರೆ ಎಕ್ಸ್‌ಪ್ರೆಸ್’ ಗಾಡಿಗಳು ಒಂದರ ಹಿಂದೆ ಒಂದು ಬರುತ್ತವೆ. ಚಳಿಗಾಲದಲ್ಲಿ ಸಾಮಾನ್ಯ ಪ್ರಾದೇಶಿಕ ರೈಲುಗಳೇ ಗತಿ. ಸುಮಾರು ಗಂಟೆಗೊಂದು, ಕೆಲವೊಮ್ಮೆ ನಡುವೆ ಇನ್ನೂ ದೊಡ್ಡ ಬಿಡುವು. ಒಂದು ತಪ್ಪಿದರೆ ಮುಂದಿನದಕ್ಕೆ ಗಂಟೆ ಕಾಯಬೇಕು. ಟ್ರೆನ್‌ಇಟಾಲಿಯಾ ಆ್ಯಪ್‌ನಲ್ಲಿ ನಾಳೆಯ ದಿನಾಂಕ ಹಾಕಿ ಹುಡುಕಿ, ಪ್ರತಿ ಊರಿನಿಂದ ಹೊರಡುವ ಹೊತ್ತು ಬರೆದುಕೊಳ್ಳಿ. ವಾಪಸ್ ಬರುವ ಕೊನೆಯ ರೈಲು ಮಾತ್ರವಲ್ಲ, ಅದರ ಹಿಂದಿನದನ್ನೂ ಬರೆಯಿರಿ. ನೀವು ಹತ್ತಬೇಕಾದ್ದು ಆ ಹಿಂದಿನದನ್ನು.

ಮೂರನೆಯದು ಮುಷ್ಕರ. ಇಟಲಿಯಲ್ಲಿ ರೈಲ್ವೆ ಮುಷ್ಕರಗಳನ್ನು ಮೊದಲೇ ಘೋಷಿಸುತ್ತಾರೆ. ‘ಶೋಪೆರೊ’ ಎಂಬ ಪದ ಕಂಡರೆ ಅದೇ. ಮುಷ್ಕರದ ದಿನವೂ, ಅದು ಕೆಲಸದ ದಿನವಾಗಿದ್ದರೆ, ಬೆಳಿಗ್ಗೆ 6ರಿಂದ 9 ಮತ್ತು ಸಂಜೆ 6ರಿಂದ 9ರವರೆಗೆ ಕೆಲವು ಪ್ರಾದೇಶಿಕ ರೈಲುಗಳನ್ನು ಓಡಿಸಲೇಬೇಕೆಂಬ ನಿಯಮವಿದೆ. ಬೇರೆ ದಿನ ಇದ್ದರೆ ಆ ದಿನಕ್ಕೆ ಹೋಗುವುದೇ ಒಳ್ಳೆಯದು.

ಹೆಜ್ಜೆ 4: ಟಿಕೆಟ್

ಸೀಸನ್ನಿನಲ್ಲಿ ಇಲ್ಲಿನ ರೈಲಿಗೆ ವಿಶೇಷ ದರ ಇದೆ, ದಿನವಿಡೀ ಎಷ್ಟು ಸಲವಾದರೂ ಓಡಾಡಬಹುದಾದ ‘ಚಿಂಕ್ವೆ ತೆರ್ರೆ ಕಾರ್ಡ್’ ಕೂಡ ಇದೆ. ಚಳಿಗಾಲದ ಲೆಕ್ಕ ಬೇರೆ. ಲಾ ಸ್ಪೆತ್ಸಿಯಾ ಸ್ಟೇಷನ್ನಿನಲ್ಲಿ ಉದ್ಯಾನದವರ ಮಾಹಿತಿ ಕೌಂಟರ್ ಇದೆ. ಬೆಳಿಗ್ಗೆ ಅಲ್ಲಿ ಎರಡೇ ಪ್ರಶ್ನೆ ಕೇಳಿ: ಇವತ್ತು ಯಾವ ಟಿಕೆಟ್ ಲಾಭ, ಇವತ್ತು ಯಾವ ಕಾಲುದಾರಿ ತೆರೆದಿದೆ. ಮೂರು ಊರಿಗಷ್ಟೇ ಹೋಗುವುದಾದರೆ ಬಿಡಿ ಟಿಕೆಟ್ಟೇ ಸಾಕಾಗಬಹುದು.

ಕಾಗದದ ಟಿಕೆಟ್ ಕೊಂಡರೆ ರೈಲು ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಪುಟ್ಟ ಯಂತ್ರಕ್ಕೆ ತೂರಿಸಿ ತಾರೀಕು, ಹೊತ್ತು ಅಚ್ಚು ಹಾಕಿಸಬೇಕು. ಕೈಯಲ್ಲಿ ಟಿಕೆಟ್ ಇದ್ದರೂ ಆ ಮುದ್ರೆ ಇಲ್ಲದಿದ್ದರೆ ದಂಡ. ಮೊಬೈಲಿನಲ್ಲಿ ಕೊಂಡ ಪ್ರಾದೇಶಿಕ ಟಿಕೆಟ್‌ಗೂ ಹತ್ತುವ ಮುಂಚೆ ‘ಚೆಕ್-ಇನ್’ ಒತ್ತಬೇಕು. ಸುರಂಗದೊಳಗೆ ನೆಟ್‌ವರ್ಕ್ ನಂಬಬೇಡಿ, ಸ್ಟೇಷನ್ನಿಗೆ ಬರುವ ಮುಂಚೆಯೇ ಒತ್ತಿಬಿಡಿ.

ಗೋಡೆಯ ಮೇಲಿನ ಹಳದಿ ಹಾಳೆ ಹೊರಡುವ ರೈಲುಗಳದ್ದು, ಬಿಳಿ ಹಾಳೆ ಬರುವವುಗಳದ್ದು. ಹಳದಿಯನ್ನೇ ನೋಡಿ. ಅದರಲ್ಲಿ ಪ್ರತಿ ರೈಲಿನ ಕೆಳಗೆ ಅದು ನಿಲ್ಲುವ ಊರುಗಳ ಹೆಸರು ಸಣ್ಣ ಅಕ್ಷರದಲ್ಲಿರುತ್ತದೆ. ಅದನ್ನು ಓದಲೇಬೇಕು. ಏಕೆಂದರೆ ಕೆಲವು ರೈಲುಗಳು ಐದರಲ್ಲಿ ಮೊಂತೆರೊಸ್ಸೊದಲ್ಲಿ ಮಾತ್ರ ನಿಲ್ಲುತ್ತವೆ. ಮೊದಲ ಸಲ ನಾನು ವೆರ್ನಾತ್ಸಾಕ್ಕೆಂದು ಅಂಥದೇ ಒಂದರಲ್ಲಿ ಹತ್ತಿದ್ದೆ. ನನ್ನ ಊರು ಕಿಟಕಿಯಾಚೆ ಎರಡು ಸುರಂಗಗಳ ನಡುವೆ ಒಂದು ಕ್ಷಣ ಮಿಂಚಿ ಹೋಯಿತು. ‘ಫೆರಿಯಾಲಿ’ ಅಂದರೆ ಕೆಲಸದ ದಿನ, ‘ಫೆಸ್ತೀವಿ’ ಅಂದರೆ ಭಾನುವಾರ ಮತ್ತು ರಜಾ ದಿನ. ‘ಬಿನಾರಿಯೊ’ ಪ್ಲಾಟ್‌ಫಾರ್ಮ್, ‘ರಿತಾರ್ದೊ’ ತಡ. ಈ ನಾಲ್ಕು ಪದ ಗೊತ್ತಿದ್ದರೆ ದಿನ ನಡೆಯುತ್ತದೆ.

ಹೆಜ್ಜೆ 5: ಬೆಳಿಗ್ಗೆ ನೇರ ಮೊಂತೆರೊಸ್ಸೊಗೆ

ಎಂಟೂವರೆ ಸುಮಾರಿಗೆ ಲಾ ಸ್ಪೆತ್ಸಿಯಾ ಬಿಡಿ. ಐದರಲ್ಲಿ ದೂರದ್ದಕ್ಕೆ ಮೊದಲು ಹೋಗಿ, ನೋಡುತ್ತ ನೋಡುತ್ತ ಹಿಂದಕ್ಕೆ ಬರುವುದು ನನ್ನ ಪದ್ಧತಿ. ಕತ್ತಲಾಗುವ ಹೊತ್ತಿಗೆ ರೂಮಿಗೆ ಹತ್ತಿರ ಇರುತ್ತೀರಿ. ಹೋಗುವಾಗ ಎಡಗಡೆ ಕಿಟಕಿ ಹಿಡಿಯಿರಿ, ಸಮುದ್ರ ಆ ಕಡೆ. ಹೆಚ್ಚಿನ ದಾರಿ ಸುರಂಗವೇ. ಕತ್ತಲೆ, ಕತ್ತಲೆ, ಇದ್ದಕ್ಕಿದ್ದ ಹಾಗೆ ಕಣ್ಣು ಕೋರೈಸುವ ನೀಲಿ, ಮತ್ತೆ ಕತ್ತಲೆ. ಈ ಹಳಿ 1874ರಿಂದ ಇದೆ. ಅದಕ್ಕೂ ಮುಂಚೆ ಇಲ್ಲಿಗೆ ಬರಬೇಕಾದರೆ ದೋಣಿ, ಇಲ್ಲವೇ ಹೇಸರಗತ್ತೆ ನಡೆಯುವ ಬೆಟ್ಟದ ದಾರಿ.

ಮೊಂತೆರೊಸ್ಸೊ ಐದರಲ್ಲಿ ಸಪಾಟಾದ ಊರು, ಉದ್ದನೆಯ ಮರಳು ತೀರ ಇರುವುದೂ ಇಲ್ಲೇ. ಸ್ಟೇಷನ್ನು ಫೆಜೀನಾ ಎಂಬ ಹೊಸ ಭಾಗದಲ್ಲಿದೆ. ಹೊರಗೆ ಬಂದರೆ ಎದುರಿಗೇ ಸಮುದ್ರ. ಬಲಕ್ಕೆ ತಿರುಗಿ ತೀರದ ತುದಿವರೆಗೆ ನಡೆದರೆ ‘ಜಿಗಾಂತೆ’ ಕಾಣುತ್ತಾನೆ. ಬಂಡೆಗೆ ಒರಗಿದ 14 ಮೀಟರ್ ಎತ್ತರದ ಸಮುದ್ರ ದೇವತೆ ನೆಪ್ಚೂನ್. 1910ರ ಹೊತ್ತಿಗೆ ಕಾಂಕ್ರೀಟಿನಲ್ಲಿ ಮಾಡಿದ್ದು. ಎರಡನೇ ಮಹಾಯುದ್ಧದ ಬಾಂಬು, ಆಮೇಲೆ ಅಲೆಗಳು ಸೇರಿ ಕೈಗಳು ಹೋಗಿವೆ. ಬೇಸಿಗೆಯಲ್ಲಿ ಅವನ ಕಾಲ ಬುಡದಲ್ಲಿ ಕೊಡೆಗಳ ಸಾಲು. ಫೆಬ್ರವರಿಯಲ್ಲಿ ಅಲೆಯ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಹಿಂದಕ್ಕೆ ಬಂದು, ಸ್ಟೇಷನ್ ದಾಟಿ, ಸಣ್ಣ ಸುರಂಗದೊಳಗೆ ನಡೆದರೆ ಹಳೆಯ ಊರು. ಕಪ್ಪು-ಬಿಳಿ ಪಟ್ಟೆಯ ಸಾನ್ ಜೊವಾನ್ನಿ ಬಾತಿಸ್ತಾ ಚರ್ಚು ನೋಡಿ. ನಿಂಬೆ ತೋಟಗಳಿಗೆ ಈ ಊರು ಹೆಸರುವಾಸಿ. ಚಳಿಗಾಲದಲ್ಲಿ ಹಿತ್ತಲ ಗೋಡೆಯ ಮೇಲಿಂದ ಹಳದಿ ಹಣ್ಣು ಹೊತ್ತ ಕೊಂಬೆಗಳು ಬೀದಿಗೆ ಬಾಗಿರುತ್ತವೆ.

ಕಾಫಿಗೆ ಇಲ್ಲೇ ನಿಲ್ಲಿ. ಬಾರ್ ಅಂದರೆ ಇಲ್ಲಿ ಕಾಫಿ ಅಂಗಡಿ. ಒಳಗೆ ಹೋಗುತ್ತ ‘ಬೊಂಜೋರ್ನೊ’ ಅನ್ನಿ. ಕಟ್ಟೆಯ ಎದುರು ನಿಂತು ಕುಡಿದರೆ ಕಡಿಮೆ ದುಡ್ಡು, ಕೂತರೆ ಸಾಮಾನ್ಯವಾಗಿ ಜಾಸ್ತಿ. ಶೌಚಾಲಯವನ್ನೂ ಇಲ್ಲೇ ಬಳಸಿಕೊಳ್ಳಿ. ಮುಂದಿನ ಊರುಗಳಲ್ಲಿ ತೆರೆದಿರುವ ಬಾಗಿಲು ಹುಡುಕಬೇಕಾಗಬಹುದು.

ಕಾಲು ಗಟ್ಟಿ ಇದ್ದು, ಹಿಂದಿನ ದಿನ ಮಳೆ ಬಂದಿಲ್ಲದಿದ್ದರೆ, ಇಲ್ಲಿಂದ ವೆರ್ನಾತ್ಸಾಕ್ಕೆ ನಡೆದೇ ಹೋಗಬಹುದು. ಸುಮಾರು ಮೂರೂವರೆ ಕಿಲೋಮೀಟರ್, ಎರಡು ಗಂಟೆ. ಮೊದಲರ್ಧ ಪೂರ್ತಿ ಮೆಟ್ಟಿಲು. ಒದ್ದೆ ಇದ್ದರೆ ಕಲ್ಲು ಜಾರುತ್ತದೆ. ಹಿಡಿತ ಇರುವ ಶೂ ಬೇಕೇ ಬೇಕು. ಚಪ್ಪಲಿ ಹಾಕಿಕೊಂಡು ಈ ದಾರಿಗೆ ಇಳಿಯುವವರಿಗೆ ದಂಡ ಹಾಕುವ ನಿಯಮವೇ ಇದೆ. ಅಮ್ಮನಿಗೆ ಮಂಡಿನೋವು, ನಾವು ರೈಲಿನಲ್ಲೇ ಹೋದೆವು. ನಾಲ್ಕು ನಿಮಿಷ.

ಹೆಜ್ಜೆ 6: ವೆರ್ನಾತ್ಸಾದಲ್ಲಿ ಊಟ

ಹನ್ನೊಂದೂವರೆ ಹೊತ್ತಿಗೆ ಇಲ್ಲಿರಿ. ಪ್ಲಾಟ್‌ಫಾರ್ಮಿನ ಒಂದಷ್ಟು ಭಾಗ ಸುರಂಗದೊಳಗೇ ಇದೆ. ರೈಲು ನಿಂತಾಗ ಹೊರಗೆ ಕತ್ತಲೆ ಕಂಡು ‘ಇದು ಸ್ಟೇಷನ್ ಅಲ್ಲ’ ಎಂದು ಕೂತುಬಿಡಬೇಡಿ. ಬಾಗಿಲ ಗುಂಡಿ ಒತ್ತಿ ಇಳಿಯಿರಿ.

ಒಂದೇ ಬೀದಿ, ನೇರ ಬಂದರಿಗೆ. ಬಂದರಿನ ಪಕ್ಕದಲ್ಲೇ, ನೀರಿಗೆ ತಾಗಿದಂತೆ ಸಾಂತಾ ಮಾರ್ಗರೀತಾ ಚರ್ಚು. 1318ರ ದಾಖಲೆಯಲ್ಲೇ ಇದರ ಹೆಸರಿದೆ. ಮೇಲೆ ದೋರಿಯಾ ಕೋಟೆಯ ದುಂಡು ಗೋಪುರ. ಅಲೆ ಜೋರಿದ್ದ ದಿನ ಬಂದರಿನ ಕಲ್ಲುಕಟ್ಟೆಯ ತುದಿಗೆ ಹೋಗಬೇಡಿ. ಚಳಿಗಾಲದ ಅಲೆ ಹತ್ತು ಸಲ ಸುಮ್ನೆ ಬಂದು ಹೋಗಿ, ಹನ್ನೊಂದನೆಯ ಸಲ ಕಟ್ಟೆಯನ್ನೇ ದಾಟುತ್ತದೆ. ಅಂಥ ದಿನಗಳಲ್ಲಿ ಮೀನುಗಾರರು ದೋಣಿಗಳನ್ನು ಚೌಕದ ನಡುವಿಗೇ ಎಳೆದು ಇಟ್ಟಿರುತ್ತಾರೆ. ದೋಣಿ ಎಲ್ಲಿದೆಯೋ ಅದರ ಹಿಂದೆಯೇ ನಿಲ್ಲಿ.

ಊಟದ ಹೊತ್ತು ಹನ್ನೆರಡೂವರೆಯಿಂದ ಎರಡೂವರೆ. ಆಮೇಲೆ ಅಡುಗೆಮನೆ ಮುಚ್ಚಿದರೆ ಸಂಜೆ ಏಳರವರೆಗೆ ಏನೂ ಸಿಗುವುದಿಲ್ಲ. ‘ನೋಡೋಣ ಬಿಡು, ಮುಂದಿನ ಊರಲ್ಲಿ ತಿಂದರಾಯಿತು’ ಎಂಬ ಮಾತು ಚಳಿಗಾಲದಲ್ಲಿ ನಡೆಯುವುದಿಲ್ಲ. ತೆರೆದ ಬಾಗಿಲು ಕಂಡ ಕಡೆ ತಿನ್ನಿ.

ಸಸ್ಯಾಹಾರಿಗಳಿಗೆ ಲಿಗೂರಿಯಾದಷ್ಟು ಸಲೀಸಾದ ಕರಾವಳಿ ಕಡಿಮೆ. ‘ಫರಿನಾತಾ’ ಕೇಳಿ. ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ಹಿಟ್ಟನ್ನು ಕೆಲವು ಗಂಟೆ ನೆನೆಯಲು ಬಿಟ್ಟು, ಅಗಲವಾದ ತಾಮ್ರದ ತಟ್ಟೆಗೆ ತೆಳ್ಳಗೆ ಹೊಯ್ದು, ಸೌದೆ ಒಲೆಯೊಳಗೆ ಬೇಯಿಸುತ್ತಾರೆ. ಮೇಲೆ ಕೆಂಪಗೆ ಚುಕ್ಕೆ ಚುಕ್ಕೆ, ಅಂಚು ಗರಿಗರಿ, ಒಳಗೆ ಮೆತ್ತಗೆ. ಬಿಸಿ ಇರುವಾಗಲೇ ಕರಿಮೆಣಸಿನ ಪುಡಿ ಉದುರಿಸಿ ತಿನ್ನಬೇಕು. ಅಮ್ಮ ಒಂದು ತುಂಡು ಬಾಯಿಗಿಟ್ಟು, ‘ಇದು ಕಡಲೆಹಿಟ್ಟಿನ ದೋಸೆಯೇ ಕಣೋ, ಒಗ್ಗರಣೆ ಒಂದಿಲ್ಲ’ ಎಂದರು. ಇನ್ನೊಂದು ತರಿಸಿದೆವು. ಉಳಿದಂತೆ ಫೊಕಾಚಾ ಎಂಬ ಚಪ್ಪಟೆ ಬ್ರೆಡ್ ಇದೆ, ಆಲೂಗಡ್ಡೆ ಮತ್ತು ಹುರುಳಿಕಾಯಿ ಸೇರಿಸಿದ ಪೆಸ್ತೊ ಪಾಸ್ತಾ ಇದೆ. ಬೇಸಿಲ್ ಎಲೆ ಅರೆದು ಮಾಡುವ ಚಟ್ನಿಯಂಥ ಪೆಸ್ತೊ ಹುಟ್ಟಿದ್ದೇ ಈ ಸೀಮೆಯಲ್ಲಿ.

ಕಟ್ಟುನಿಟ್ಟಿನ ಸಸ್ಯಾಹಾರಿಗಳು ಎರಡು ವಿಷಯ ತಿಳಿದಿರಬೇಕು. ಪೆಸ್ತೊಗೆ ಹಾಕುವ ಪಾರ್ಮಿಜಾನೊ ಚೀಸ್ ಮಾಡುವಾಗ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವ ಬಳಸುತ್ತಾರೆ. ಹಾಗೆಯೇ, ‘ಅಚ್ಚೂಗೆ’ ಎಂಬ ಪುಟ್ಟ ಮೀನು ಮೊಂತೆರೊಸ್ಸೊದ ಹೆಮ್ಮೆ. ಅದು ಫೊಕಾಚಾ ಮೇಲೆ, ಸಾಲಡ್ಡಿನಲ್ಲಿ, ಎಲ್ಲೆಲ್ಲೂ ಇಣುಕುತ್ತದೆ. ‘ಸೆನ್ಸಾ ಕಾರ್ನೆ, ಸೆನ್ಸಾ ಪೇಶೆ’ ಎಂದು ಹೇಳಿ. ಮಾಂಸ ಬೇಡ, ಮೀನು ಬೇಡ ಎಂದರ್ಥ. ಬರೀ ‘ಸಸ್ಯಾಹಾರಿ’ ಎಂದರೆ ಕೆಲವರ ಲೆಕ್ಕದಲ್ಲಿ ಮೀನು ಅದರೊಳಗೇ ಬರುತ್ತದೆ. ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದು ತಲೆಗಿಷ್ಟು ಸೇರಿಸಿದ್ದರೆ ಗಾಬರಿ ಬೇಡ. ಕೂತು ಉಂಡಿದ್ದಕ್ಕೆ, ಬ್ರೆಡ್ಡಿಗೆ ಇಲ್ಲಿ ಹಾಕುವ ಮಾಮೂಲು ಶುಲ್ಕ ಅದು.

ಹೆಜ್ಜೆ 7: ಕೊರ್ನೀಲಿಯಾಕ್ಕೆ ಹೋಗಬೇಕೇ?

ಈ ಊರು ಸಮುದ್ರಕ್ಕಿಂತ ಸುಮಾರು 100 ಮೀಟರ್ ಮೇಲೆ, ಬಂಡೆಯ ನೆತ್ತಿಯಲ್ಲಿದೆ. ಸ್ಟೇಷನ್ನು ಕೆಳಗೆ. ನಡುವೆ ‘ಲಾರ್ದರೀನಾ’ ಎಂಬ ಇಟ್ಟಿಗೆಯ ಮೆಟ್ಟಿಲು ದಾರಿ, 380ರ ಆಸುಪಾಸು ಮೆಟ್ಟಿಲು. ಊರಿನ ಬಸ್ಸೂ ಇದೆ, ಆದರೆ ಚಳಿಗಾಲದಲ್ಲಿ ಅದರ ಹೊತ್ತು ರೈಲಿಗೆ ಹೊಂದದೆ ಹೋಗಬಹುದು. ಡಿಸೆಂಬರ್, ಜನವರಿಯಲ್ಲಾದರೆ ಇದನ್ನು ಬಿಡಿ. ಮಾರ್ಚ್‌ನಲ್ಲಾದರೆ, ಮಂಡಿ ಚೆನ್ನಾಗಿದ್ದರೆ, ಹತ್ತಿ. ನಾವು ಬಿಟ್ಟೆವು.

ಹೆಜ್ಜೆ 8: ಮೊದಲು ರಿಯೊಮಜ್ಜೊರೆ, ಸಂಜೆಗೆ ಮನರೋಲಾ

ಮ್ಯಾಪಿನ ಕ್ರಮದಲ್ಲಿ ಮನರೋಲಾ ಮೊದಲು ಬರುತ್ತದೆ. ನೀವು ಅದನ್ನು ದಾಟಿ ರಿಯೊಮಜ್ಜೊರೆಗೆ ಹೋಗಿ, ಆಮೇಲೆ ಒಂದು ಸ್ಟೇಷನ್ ಹಿಂದಕ್ಕೆ ಬನ್ನಿ. ಎರಡರ ನಡುವೆ ರೈಲಿನಲ್ಲಿ ಎರಡು ಮೂರು ನಿಮಿಷ ಅಷ್ಟೇ. ಸೂರ್ಯಾಸ್ತವನ್ನು ಮನರೋಲಾಕ್ಕೆ ಉಳಿಸಿಕೊಳ್ಳುವುದಕ್ಕೆ ಈ ಸುತ್ತು.

ರಿಯೊಮಜ್ಜೊರೆಯಲ್ಲಿ ಸ್ಟೇಷನ್ನಿನಿಂದ ಕಾಲುಸುರಂಗದಲ್ಲಿ ನಡೆದು ಊರಿಗೆ ಹೋಗಬೇಕು. ಬಂದರಿಗೆ ಇಳಿದು, ಎಡಗಡೆಯ ಬಂಡೆಗಳ ಕಡೆಯಿಂದ ತಿರುಗಿ ನೋಡಿ. ಕೆಂಪು, ಹಳದಿ, ಗುಲಾಬಿ ಬಣ್ಣದ ಮನೆಗಳು ಒಂದರ ಹೆಗಲ ಮೇಲೆ ಒಂದು. ಒಗೆದ ಬಟ್ಟೆ ಕಿಟಕಿಗಳಲ್ಲಿ ಒಣಗುತ್ತಿರುತ್ತದೆ.

ಈ ಎರಡು ಊರುಗಳ ನಡುವೆ ಬಂಡೆಗೆ ಅಂಟಿಕೊಂಡ ‘ವಿಯಾ ದೆಲ್ಲಾಮೋರೆ’ ಇದೆ, ‘ಪ್ರೀತಿಯ ದಾರಿ’. ಒಂದು ಕಿಲೋಮೀಟರಿಗಿಂತ ಕಡಿಮೆ, ಹೆಚ್ಚೂಕಡಿಮೆ ಸಪಾಟು. 2012ರಲ್ಲಿ ಬಂಡೆ ಉರುಳಿ ಪ್ರವಾಸಿಗರಿಗೆ ಗಾಯವಾದ ಮೇಲೆ ಮುಚ್ಚಿದ್ದರು, 2024ರಲ್ಲಿ ಮತ್ತೆ ತೆರೆದರು. ಪ್ರವೇಶಕ್ಕೆ ಹೊತ್ತು ಗೊತ್ತುಮಾಡಿ ಮುಂಗಡ ಟಿಕೆಟ್ ಕೊಳ್ಳಬೇಕು. ನೀವು ಹೋಗುವ ದಿನ ತೆರೆದಿದ್ದರೆ ಬಿಡಲೇಬೇಡಿ. ಇಲ್ಲವಾದರೆ ರೈಲು.

ಸೂರ್ಯಾಸ್ತಕ್ಕೆ ಒಂದು ಗಂಟೆ ಮುಂಚೆ ಮನರೋಲಾದಲ್ಲಿರಿ. ಇಲ್ಲೂ ಸ್ಟೇಷನ್ನಿನಿಂದ ಊರಿಗೆ ಕಾಲುಸುರಂಗ. ಮೊದಲು ಮೇಲಕ್ಕೆ, 1338ರಲ್ಲಿ ಕಟ್ಟಿದ ಸಾನ್ ಲೊರೆನ್ಸೊ ಚರ್ಚಿನ ಕಡೆ ಹೋಗಿ. ಅದರ ಪಕ್ಕದಿಂದಲೇ ದ್ರಾಕ್ಷಿ ತೋಟದ ದಾರಿ ಶುರುವಾಗುತ್ತದೆ.

ಇಲ್ಲಿ ಹದಿನೈದು ನಿಮಿಷ ನಿಂತು ಗೋಡೆಗಳನ್ನು ನೋಡಿ. ಬೆಟ್ಟದ ತುಂಬ ಮೆಟ್ಟಿಲು ಗದ್ದೆಯ ಹಾಗೆ ಪಟ್ಟಿ ಪಟ್ಟಿ. ಪ್ರತಿ ಪಟ್ಟಿಗೂ ಗಾರೆ ಇಲ್ಲದೆ, ಕಲ್ಲಿನ ಮೇಲೆ ಕಲ್ಲು ಹೊಂದಿಸಿ ಕಟ್ಟಿದ ಗೋಡೆ. ಅಮ್ಮ ಹೊನ್ನಾವರದ ಕಡೆಯವರು. ಕೈಗವಸು ತೆಗೆದು ಒಂದು ಕಲ್ಲಿನ ಸಂದಿಗೆ ಬೆರಳು ತೂರಿಸಿ, ‘ಒಳಗೆ ಸಣ್ಣ ಕಲ್ಲು ತುಂಬಿದಾರೆ ನೋಡು. ನಮ್ಮ ತೋಟದ ಪಾಗಾರವೂ ಹೀಗೇ ಅಲ್ವೇನೋ’ ಎಂದರು. ಸರಿಯಾಗಿಯೇ ಹೇಳಿದರು. ಸಂದಿ ಇರುವುದರಿಂದಲೇ ಮಳೆನೀರು ಇಳಿದುಹೋಗುತ್ತದೆ, ಗೋಡೆ ಉಬ್ಬುವುದಿಲ್ಲ. ಹೀಗೆ ಗಾರೆ ಇಲ್ಲದೆ ಕಟ್ಟುವ ಕಸುಬನ್ನು 2018ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿಸಿತು. ತೋಟ ಬಿಟ್ಟು ಜನ ಹೊರಟುಹೋದಂತೆ ಗೋಡೆ ಕುಸಿಯುತ್ತದೆ, ಗೋಡೆ ಕುಸಿದ ಕಡೆ ಬೆಟ್ಟ ಜಾರುತ್ತದೆ. ನೀವು ನೋಡಲು ಬಂದ ಬಣ್ಣದ ಮನೆಗಳನ್ನು ಮೇಲಿಂದ ಹಿಡಿದು ನಿಲ್ಲಿಸಿರುವುದು ಈ ಗೋಡೆಗಳೇ. ಆದ್ದರಿಂದ ಅವುಗಳ ಮೇಲೆ ಹತ್ತಬೇಡಿ, ಕೂರಬೇಡಿ, ಕಲ್ಲು ಕೀಳಬೇಡಿ. ಚಳಿಗಾಲ ತೋಟದವರಿಗೆ ಬಳ್ಳಿ ಕತ್ತರಿಸುವ, ಗೋಡೆ ಸರಿಮಾಡುವ ಕಾಲ. ಒಂಟಿ ಹಳಿಯ ಮೇಲೆ ತೆವಳುವ ಪುಟ್ಟ ತೋಟದ ಗಾಡಿ ಸದ್ದು ಮಾಡುತ್ತ ಬೆಟ್ಟ ಹತ್ತುವುದು ಕಂಡರೆ ದಾರಿ ಬಿಟ್ಟು ನಿಲ್ಲಿ. ಈ ದ್ರಾಕ್ಷಿಯನ್ನು ಒಣಗಿಸಿ ಮಾಡುವ ಸಿಹಿ ವೈನಿಗೆ ‘ಶಕ್ಕೆತ್ರಾ’ ಅನ್ನುತ್ತಾರೆ. ಕುಡಿಯುವವರು ಒಂದು ಪುಟ್ಟ ಲೋಟ ರುಚಿ ನೋಡಬಹುದು.

ಆಮೇಲೆ ಕೆಳಗಿಳಿದು, ಬಂದರು ದಾಟಿ, ಪುಂತಾ ಬೊನ್‌ಫೀಲಿಯೊ ಗುಡ್ಡದ ಕಡೆ ನಡೆಯಿರಿ. ಐದು ನಿಮಿಷದ ಏರು. ಅಲ್ಲಿಂದ ತಿರುಗಿದರೆ ಇಡೀ ಊರು ಎದುರಿಗೆ. ಸಂಜೆ ಬಿಸಿಲು ಮನೆಗಳ ಮುಖಕ್ಕೆ ನೇರ ಬೀಳುತ್ತದೆ. ಸೂರ್ಯ ಮುಳುಗಿದ ತಕ್ಷಣ ಹೊರಡಬೇಡಿ, ಇನ್ನೂ ಇಪ್ಪತ್ತು ನಿಮಿಷ ಇರಿ. ಆಕಾಶ ಕಡುನೀಲಿಯಾಗುವ ಹೊತ್ತಿಗೆ ಕಿಟಕಿಗಳಲ್ಲಿ ದೀಪ ಹತ್ತುತ್ತವೆ. ಎಷ್ಟು ಕಿಟಕಿಯಲ್ಲಿ ಹತ್ತುವುದಿಲ್ಲ ಎಂಬುದೂ ಆಗ ಗೊತ್ತಾಗುತ್ತದೆ. ಅವೆಲ್ಲ ಬೇಸಿಗೆಯ ಬಾಡಿಗೆ ಮನೆಗಳು.

ಗಾಳಿ ಇಲ್ಲಿ ಜೋರು. ಮಧ್ಯಾಹ್ನ 12 ಡಿಗ್ರಿಯಲ್ಲಿ ಹಿತವಾಗಿದ್ದದ್ದು ಸಂಜೆ ಕಿವಿ ಕೊರೆಯುತ್ತದೆ. ಕಿವಿ ಮುಚ್ಚುವ ಟೋಪಿ, ಗಾಳಿ ತಡೆಯುವ ಜಾಕೆಟ್, ಒಂದು ಸಣ್ಣ ಟಾರ್ಚ್ ಚೀಲದಲ್ಲಿರಲಿ. ಛತ್ರಿ ಪ್ರಯೋಜನವಿಲ್ಲ, ಗಾಳಿಗೆ ಮಗುಚಿಕೊಳ್ಳುತ್ತದೆ. ರೇನ್‌ಕೋಟ್ ತನ್ನಿ.

ಹೆಜ್ಜೆ 9: ವಾಪಸ್

ರೈಲಿಗೆ ಹದಿನೈದು ನಿಮಿಷ ಮುಂಚೆ ಸ್ಟೇಷನ್ನಿಗೆ ಬನ್ನಿ. ಯಾವ ದಿಕ್ಕಿನ ಪ್ಲಾಟ್‌ಫಾರ್ಮ್ ಎಂದು ಬೋರ್ಡಿನಲ್ಲಿ ಖಚಿತ ಮಾಡಿಕೊಳ್ಳಿ. ನಿಮಗೆ ಬೇಕಾದ್ದು ಲಾ ಸ್ಪೆತ್ಸಿಯಾ ಚೆಂತ್ರಾಲೆ. ಆ ಕಡೆಗೆ ದಾಟಲು ಕೆಳದಾರಿ ಇದೆ, ಹಳಿ ಮೇಲೆ ಇಳಿಯಲೇಬಾರದು. ನಿಲ್ಲದೆ ಹೋಗುವ ದೂರದ ರೈಲುಗಳು ಇಲ್ಲಿ ಸುರಂಗದಿಂದ ಸುರಂಗಕ್ಕೆ ಜೋರಾಗಿ ನುಗ್ಗುತ್ತವೆ. ರೈಲಿಗಿಂತ ಮೊದಲು ಅದರ ಗಾಳಿ ಬರುತ್ತದೆ. ಸುರಂಗದ ಬಾಯಿಂದ ತಣ್ಣನೆಯ ಗಾಳಿ ಮುಖಕ್ಕೆ ಹೊಡೆಯಿತು ಅಂದರೆ ಹಳದಿ ಗೆರೆಯಿಂದ ಎರಡು ಹೆಜ್ಜೆ ಹಿಂದೆ ಸರಿಯಿರಿ, ಮಕ್ಕಳ ಕೈ ಹಿಡಿದುಕೊಳ್ಳಿ.

ನಾವು ಹತ್ತಿದ ಬೋಗಿಯಲ್ಲಿ ಶಾಲೆ ಚೀಲದ ಇಬ್ಬರು ಹುಡುಗರು, ತರಕಾರಿ ಬುಟ್ಟಿ ಹಿಡಿದ ಒಬ್ಬ ಅಜ್ಜಿ, ಮತ್ತೆ ನಾವಿಬ್ಬರು. ಅಜ್ಜಿ ಅಮ್ಮನಿಗೆ ಪಕ್ಕದ ಸೀಟು ತೋರಿಸಿ ಬುಟ್ಟಿ ಸರಿಸಿಕೊಂಡರು. ಬುಟ್ಟಿಯಲ್ಲಿ ಎಲೆ ಸಮೇತ ಕಿತ್ತ ನಿಂಬೆಹಣ್ಣುಗಳಿದ್ದವು. ರಿಯೊಮಜ್ಜೊರೆಯಲ್ಲಿ ಇಳಿಯುವಾಗ ಅದರಲ್ಲಿ ಒಂದನ್ನು ಅಮ್ಮನ ಕೈಗಿಟ್ಟು ಹೋದರು.